ಗೋಡೆ ಬರೆದವನ ಹೆಸರು

ಬೋರ್ಡು ಬರೆಯುವವನು ತಾನು ಬರೆದದ್ದನ್ನು ಓದುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆ ಕಸುಬೇ ಹಾಗೆ, ಕಣ್ಣು ಅರ್ಥದ ಕಡೆ ಹೊರಳಿದರೆ ಕೈ ತಪ್ಪುತ್ತದೆ. ನಮ್ಮ ಪೇಂಟರನಿಗಂತೂ ಅಕ್ಷರವೆಂದರೆ ತಲೆಕಟ್ಟು, ಸೊಂಟ, ಬಾಲ, ಅಷ್ಟೇ. ಒಮ್ಮೆ ಹಲ್ಲಿನ ಡಾಕ್ಟರ ಬೋರ್ಡು ಬರೆದು ಮುಗಿಸಿ, ಏಣಿಯಿಂದಿಳಿದು, ದವಡೆ ಹಿಡಿದುಕೊಂಡು, "ಇಲ್ಲೆಲ್ಲಾದ್ರೂ ಹಲ್ಲಿನ ಡಾಕ್ಟ್ರು ಇದಾರಾ?" ಎಂದು ಬೀದಿಯಲ್ಲಿ ಕೇಳಿದ ಭೂಪ ಅವನು. ಅದನ್ನು ನೆನೆಸಿಕೊಂಡು ಅವನ ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು.

ಈಚೆಗೆ ಅವಳ ನಗು ನಿಂತಿತ್ತು. ಅಪ್ಪ ಬಿಟ್ಟುಹೋದ ಹೊಲವನ್ನು ಮಾಡುತ್ತಿದ್ದವಳು ಅವಳೇ. ಸರ್ಕಾರ ರೈತರಿಗೆ ಕೊಡುವ ಸಹಾಯಧನಕ್ಕೆ ಪ್ರತಿ ವರ್ಷ ಅರ್ಜಿ ಹಾಕಿ, ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ್ದಳು. "ನಿಮ್ದಿನ್ನೂ ಬಂದಿಲ್ಲಮ್ಮ" ಎಂದು ಗುಮಾಸ್ತ ತಲೆ ಎತ್ತದೆಯೇ ಹೇಳುತ್ತಿದ್ದ.

ಈ ವರ್ಷ ಹೊಸ ಆದೇಶ ಬಂತು. ಹಣ ಪಡೆದವರ ಹೆಸರನ್ನೂ ಜಮೀನಿನ ನಂಬರನ್ನೂ ಕಚೇರಿಯ ಹೊರಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಬೇಕಂತೆ. ಗುಮಾಸ್ತ ರಜೆಯಲ್ಲಿದ್ದ. ಮೇಲಿನಿಂದ ಬಂದ ಪಟ್ಟಿಯನ್ನು ಸಾಹೇಬರು ನೇರವಾಗಿ ಪೇಂಟರನ ಕೈಗಿತ್ತರು. ಅವನು ಬಿಳಿ ಬಳಿದು, ನೀಲಿಯಲ್ಲಿ ಬರೆದು, ಸಂಜೆಯ ಹೊತ್ತಿಗೆ ಬ್ರಷ್ ತೊಳೆಯುತ್ತ ಕೂತಿದ್ದ.

ಅಕ್ಕ ಬಂದವಳು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಓದಿದಳು. ಒಂದು ಕಡೆ ಬೆರಳು ನಿಂತುಬಿಟ್ಟಿತು. ಹಸಿ ಬಣ್ಣ ತುದಿಗೆ ಅಂಟಿಕೊಂಡಿತು.

"ಏನೋ ಇದು?"

ಪೇಂಟರ ಎದ್ದು ಬಂದು ನೋಡಿದ. ಅಪ್ಪನ ಹೊಲದ ನಂಬರು. ಅದರ ಮುಂದೆ ಅವನದೇ ಹೆಸರು, ಅವನದೇ ಕೈಯಲ್ಲಿ, ಎಷ್ಟು ಮುದ್ದಾಗಿ!

"ಅಕ್ಕಾ, ನಂಗೇನೂ ಗೊತ್ತಿಲ್ಲ."

"ಬರ್ದೋನು ನೀನೇ, ಗೊತ್ತಿಲ್ವಾ? ಇಷ್ಟು ವರ್ಷ ನನ್ನ ಅಲೆಸಿ ನೀನು ತಿಂದ್ಯಾ?"

ಸುತ್ತ ನೆರೆದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಪೇಂಟರನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆಗ ಥಟ್ಟನೆ ನೆನಪಾಯಿತು. ಕಚೇರಿಯ ಬೋರ್ಡುಗಳ ಬಿಲ್ಲಿಗೆಂದು ಹೋದಾಗೆಲ್ಲ ಗುಮಾಸ್ತ ಕಾಗದ ಸರಿಸುತ್ತ, "ಇಲ್ಲೊಂದು, ಇಲ್ಲಿನ್ನೊಂದು" ಎಂದು ಬೆರಳು ತೋರಿಸುತ್ತಿದ್ದ. ಅವನು ತೋರಿಸಿದಲ್ಲೆಲ್ಲ ಇವನು ಬಳುಕಿಸಿ ಸಹಿ ಹಾಕಿ ಬಂದಿದ್ದ, ಅದರಲ್ಲಿ ಏನಿದೆಯೆಂದು ಕಣ್ಣೆತ್ತಿಯೂ ನೋಡಿರಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಗುಮಾಸ್ತ ಏದುಸಿರು ಬಿಡುತ್ತ ಓಡಿ ಬಂದ. ಪೇಂಟರನ ಕಿವಿಯ ಹತ್ತಿರ ಬಾಗಿ, "ಆ ಸಾಲಿಗೆ ಬಿಳಿ ಬಳಿದ್ಬಿಡು ಮಾರಾಯ. ತಪ್ಪಾಗಿ ಬಿತ್ತು ಅಂದ್ರಾಯ್ತು. ಹೋಗೋದು ನಿನ್ನ ಮರ್ಯಾದೆನೇ" ಎಂದ.

ಪೇಂಟರ ಬ್ರಷ್ ಎತ್ತಿಕೊಂಡ. ಬಿಳಿ ಡಬ್ಬಿಯ ಹತ್ತಿರ ಹೋದ ಕೈ ಅಲ್ಲೇ ತಡೆಯಿತು. ಬ್ರಷ್ಷನ್ನು ನೀಲಿಯಲ್ಲಿ ಅದ್ದಿ, ಗೋಡೆಯ ಅಡಿಯಲ್ಲಿ ಉಳಿದಿದ್ದ ಜಾಗದಲ್ಲಿ, ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದ: ಅಪ್ಪನ ಹೊಲದ ಹಣ ನನಗೆ ಬಂದಿಲ್ಲ. ಓದದೆ ಸಹಿ ಹಾಕಿದವನು ನಾನೇ. ಸಹಿ ಹಾಕಿಸಿಕೊಂಡವರು ಈ ಕಚೇರಿಯ ಗುಮಾಸ್ತರು.

ಅಕ್ಷರಗಳು ಸೊಟ್ಟಸೊಟ್ಟಗಾದವು. ಗುಮಾಸ್ತ ಬಿಳಿ ಡಬ್ಬಿಗೆ ಕೈಚಾಚಿದ. ಅಷ್ಟರೊಳಗೆ ಅಕ್ಕ ಅದನ್ನೆತ್ತಿ ಕಂಕುಳಲ್ಲಿ ಅವಚಿಕೊಂಡಿದ್ದಳು. ಅವಳ ಕಣ್ಣು ಇನ್ನೂ ತಮ್ಮನ ಮೇಲೆಯೇ ಇತ್ತು.

"ಇದನ್ನಾದ್ರೂ ಓದ್ಕೊಂಡು ಬರೆದ್ಯೇನೋ?"

"ಓದ್ಕೊಂಡೇ ಬರೆದೆ, ಅಕ್ಕ."