ನಿನ್ನೆಯವರೆಗೂ ಚೆನ್ನಾಗಿದ್ದರು

"ನಿನ್ನೆ ಸಂಜೆವರೆಗೂ ಚೆನ್ನಾಗಿದ್ರು ಡಾಕ್ಟ್ರೇ. ನಾನೇ ಫೋನಲ್ಲಿ ಮಾತಾಡಿದ್ನಲ್ಲ!" ಎಂದು ಎದೆ ತಟ್ಟಿ ಹೇಳಿದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ನಮ್ಮವರು, ಉಮಾಪತಿ, ಬ್ಯಾಂಕ್ ಆಫೀಸರ್. ದಾವಣಗೆರೆಯಿಂದ ವಿಜಯವಾಡಕ್ಕೆ, ಅಲ್ಲಿಂದ ಎಂಟು ತಿಂಗಳ ಹಿಂದೆ, ರೈಲಿನಲ್ಲಿ ಆರೇಳು ಗಂಟೆ ದೂರದ ಗಾಜುವಾಕಕ್ಕೆ ವರ್ಗ. ಮಗಳು ಸಿಂಧೂರಳ ಇಂಟರ್, ಅಂದರೆ ನಮ್ಮ ಪಿಯುಸಿ, ಪರೀಕ್ಷೆ ಮುಗಿಯಲಿ ಎಂದು ನಾವಿಬ್ಬರೂ ವಿಜಯವಾಡದ ಪಟಮಟದ ಮನೆಯಲ್ಲೇ ಉಳಿದೆವು. ಬೆಳಿಗ್ಗೆ ಬ್ಯಾಂಕಿನಲ್ಲಿ ಕುಸಿದರೆಂದು ಫೋನ್ ಬಂತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಸಿಕ್ಕ ರೈಲು ಹತ್ತಿದೆ. ಆಸ್ಪತ್ರೆಗೆ ಬಂದು ನೋಡಿದರೆ ಕತ್ತು ಸೆಟೆದುಕೊಂಡು ಮಲಗಿದ್ದರು, ನನ್ನ ಗುರುತೂ ಹತ್ತಲಿಲ್ಲ.

ಡಾಕ್ಟರ್ ಬಾಲಚಂದ್ರ ಬಿಡಿಸಿ ಹೇಳಿದರು. "ಮೆನಿಂಜೈಟಿಸ್, ಮೆದುಳಿನ ಪೊರೆಯ ಉರಿಯೂತ. ವೈರಸ್‌ನದಾದ್ರೆ ಸಾಮಾನ್ಯವಾಗಿ ತಾನೇ ಇಳಿಯುತ್ತೆ. ಬ್ಯಾಕ್ಟೀರಿಯಾದ್ದು ಗಂಟೆಗಳಲ್ಲೇ ಪ್ರಾಣ ತೆಗೀಬಹುದು, ಅದಕ್ಕೆ ಔಷಧ ಶುರು ಮಾಡಿದೀವಿ. ಟಿಬಿಯದು ವಾರಗಟ್ಟಲೆ ಒಳಗೊಳಗೇ ಬೆಳೆಯುತ್ತೆ, ಅದರ ಔಷಧವೇ ಬೇರೆ. ಬೆನ್ನಿಂದ ತೆಗೆದ ನೀರಿನ ವರದಿ ಅರ್ಧ ಮಾತ್ರ ಹೇಳ್ತಿದೆ. ನಿನ್ನೆವರೆಗೂ ಚೆನ್ನಾಗಿದ್ರು ಅಂತ ನೀವು ಹೇಳೋದಾದ್ರೆ ಟಿಬಿ ಇರಲಾರದು."

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹಿಮಬಿಂದು, ಇವರಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ತಲುಪಿಸುವವಳು. "ನೆಲ ರೋಜುಲ ನುಂಚಿ ಸಾರು ಸರಿಗ್ಗಾ ತಿನಟ್ಲೇದಂಡಿ," ಎಂದಳು. ಒಂದು ತಿಂಗಳಿಂದ ಸಾಹೇಬರು ಸರಿಯಾಗಿ ಉಂಡಿಲ್ಲವಂತೆ, ತಲೆ ಹಿಡಿದುಕೊಂಡೇ ಕೂರುತ್ತಿದ್ದರಂತೆ, ಮೈ ಸುಡುತ್ತಿತ್ತಂತೆ. ಮೊನ್ನೆ ಅವಳ ಹೆಸರೇ ಮರೆತಿದ್ದರಂತೆ.

"ಏನಮ್ಮಾ, ನನಗಿಂತ ನಿನಗೇ ಜಾಸ್ತಿ ಗೊತ್ತಾ?" ಎಂದು ರೇಗಿದೆ. ಡಾಕ್ಟರು ನನ್ನ ಕಡೆ ತಿರುಗಲೂ ಇಲ್ಲ, ಅವಳನ್ನೇ ಕೂರಿಸಿಕೊಂಡು ಒಂದೊಂದೇ ಕೇಳಿದರು. ಆವತ್ತೇ ಟಿಬಿ ಔಷಧವೂ ಶುರುವಾಯಿತು.

ಒಂಬತ್ತು ದಿನ ವರಾಂಡದಲ್ಲಿ ಒಬ್ಬಳೇ ಕೂತೆ. ಉಳೀತಾರೋ ಇಲ್ಲವೋ ಎಂದು ಕನ್ನಡದಲ್ಲಿ ಅಳಲು ಪಕ್ಕದಲ್ಲೊಂದು ನರಪಿಳ್ಳೆಯಿಲ್ಲ. ಹತ್ತನೇ ದಿನ ಇವರಿಗೆ ಪ್ರಜ್ಞೆ ಮರಳಿತು, ನನ್ನ ಹೆಸರು ಹಿಡಿದು ಕರೆದರು. ಅಳುತ್ತಲೇ ಜಗಳ ತೆಗೆದೆ.

"ಕ್ಯಾರಿಯರ್‌ನಾಕಿಗೆ ಗೊತ್ತು, ಕಟ್ಕೊಂಡೋಳಿಗೆ ಗೊತ್ತಿಲ್ಲ! ನನಗೊಂದು ಮಾತು ಹೇಳಾಕೆ ಏನಾಗಿತ್ರೀ ನಿಮಗೆ?"

ಇವರು ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ತಿರುಗಿದರು.

"ಹೇಳಿದ್ನಲ್ಲೇ. ಮೂರ್ನಾಲ್ಕು ಸಲ ಹೇಳಿದೆ. 'ಮಾತ್ರೆ ನುಂಗಿ ಮಲ್ಕೊಳ್ರೀ, ಸಿಂಧೂಗೆ ಊಟಕ್ಕೆ ಹಾಕ್ಬೇಕು' ಅಂತ ಫೋನ್ ಇಡ್ತಿದ್ದಿ. ಆಮೇಲೆ ಬಿಟ್ಟೆ."

ಸುಳ್ಳಾಡುವ ಮನುಷ್ಯರಲ್ಲ. ಊಟಕ್ಕೆ ಹಾಕಿದ್ದು, ಮಾಡಿದ ಅಡುಗೆ, ಎಲ್ಲ ನೆನಪಿದೆ. ತಲೆನೋವೆಂದು ಇವರು ಹೇಳಿದ್ದು ಮಾತ್ರ, ಎಷ್ಟು ತಡಕಿದರೂ, ಒಂದು ಸಲದ್ದೂ ನೆನಪಿಲ್ಲ.