ಸಿದ್ದಲಿಂಗಮ್ಮ ನೋಡದ ಮುಖ

ಕೂಸು ಸತ್ತು ಹುಟ್ಟಿದರೆ ನಮ್ಮ ಕಡೆ ತಾಯಿಗೆ ತೋರಿಸುವುದಿಲ್ಲ. ನೋಡಿದರೆ ಸಂಕಟ ಹೆಚ್ಚುತ್ತದೆ ಎಂದು ಹಿರಿಯರ ಲೆಕ್ಕ. ನೋಡದೆ ಉಳಿದವಳ ಸಂಕಟ ಎಷ್ಟು ಎಂದು ಕೇಳಿದವರು ಯಾರೂ ಇಲ್ಲ.

ಕಿರಂಗೂರಿನ ಸಿದ್ದಲಿಂಗಮ್ಮನಿಗೂ ಹಾಗೇ ಆಯಿತು. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾಗುವ ಹೊತ್ತಿಗೆ ಗಂಡ ಮಾಯಣ್ಣ ಗಂಡುಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿ ಬಂದಿದ್ದ. ಎದೆಯಲ್ಲಿ ಹಾಲು ಬಂತು, ಕುಡಿಯುವವರು ಇರಲಿಲ್ಲ. ಬಂದವರೆಲ್ಲ ಮರೆತುಬಿಡು ಎಂದರು. ಏನನ್ನು ಮರೆಯುವುದು? ಅವಳು ನೋಡಿಯೇ ಇರಲಿಲ್ಲವಲ್ಲ. ಆ ಮುಖ ಯಾರ ಹಾಗಿತ್ತು ಎನ್ನುವ ಒಂದೇ ಹಂಬಲ ಅವಳನ್ನು ಹಿಡಿದುಕೊಂಡಿತು. ಕಬ್ಬಿನ ಕಟಾವು ಬಂತು, ಹೋಯಿತು; ಮತ್ತೆ ಬಂತು. ಒಲೆಯ ಮೇಲೆ ಎಸರು ಮರಳಿ ಬತ್ತಿಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮಗಳು ಅಂಜು ಬಾಚಣಿಗೆ ಹಿಡಿದು ಮುಂದೆ ನಿಂತರೆ ತಾಯಿ ಅವಳಾಚೆಗೆ ಎಲ್ಲೋ ನೋಡುತ್ತಿದ್ದಳು. ಕೊನೆಗೆ ಆ ಹುಡುಗಿ ಪಕ್ಕದ ಮನೆಗೆ ಹೋಗಿ ಜಡೆ ಹಾಕಿಸಿಕೊಳ್ಳಲು ಶುರುಮಾಡಿತು.

ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ವಿಷಯ ಅರ್ಥವಾದದ್ದು ಆ ಜಡೆಯಿಂದಲೇ. ಆಕೆ ತನ್ನ ತಂಗಿಯನ್ನು ಮೈಸೂರಿನ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕರೆದುಕೊಂಡು ಓಡಾಡಿದ್ದವಳು. ಮಾಯಣ್ಣನ ಮುಂದೆ ಆ ಮಾತೆತ್ತಿದಳು.

"ಅದು ತಲೆ ಕೆಟ್ಟೋರು ಹೋಗೋ ಜಾಗ ಕಣಕ್ಕ. ನಮ್ಮೋಳಿಗೆ ಏನಾಗದೆ?" ಎಂದ ಮಾಯಣ್ಣ.

"ನಿದ್ದೆ ಇಲ್ಲ, ಉಂಡಿದ್ದು ಮೈಗತ್ತಲ್ಲ, ಹೆತ್ತ ಮಗಳ ಕಡೆ ತಿರುಗಿ ನೋಡಾಕಿಲ್ಲ. ಇನ್ನೇನಾಗ್ಬೇಕಪ್ಪಾ? ಕಾಲು ಉಳುಕಿದ್ರೆ ಎಣ್ಣೆ ತಿಕ್ಕುಸ್ಕೋತೀವಿ. ಮನಸ್ಗೂ ಒಂದು ಆರೈಕೆ ಬ್ಯಾಡ್ವಾ?"

ಮಾಯಣ್ಣ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಪುಟ್ಟತಾಯಮ್ಮ ಅಷ್ಟಕ್ಕೇ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ದಿನ ಗೊತ್ತುಮಾಡಿಕೊಂಡಳು, ಫೀಸು ಎಷ್ಟೆಂದೂ ಕೇಳಿಟ್ಟುಕೊಂಡಳು. ಆ ದಿನ ಸಿದ್ದಲಿಂಗಮ್ಮನನ್ನು ತಾನೇ ಬಸ್ಸು ಹತ್ತಿಸಿಕೊಂಡು ಮೈಸೂರಿಗೆ ಕರೆದೊಯ್ದಳು.

ಮನಶ್ಶಾಸ್ತ್ರಜ್ಞೆ ಕೂರುತ್ತಿದ್ದದ್ದು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಕುರ್ಚಿ, ಕುಡಿಯಲು ನೀರು, ಅಷ್ಟೇ. ಸೂಜಿ ಇಲ್ಲ, ಔಷಧಿಯ ವಾಸನೆ ಇಲ್ಲ. ಇಲ್ಲಿ ಆಡಿದ್ದು ನನ್ನಲ್ಲೇ ಇರುತ್ತದೆ, ಯಾರದಾದರೂ ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ಬೇರೆಯವರಿಗೆ ತಿಳಿಸುತ್ತೇನೆ ಎಂದು ಅವರು ಮೊದಲೇ ಹೇಳಿದರು. ಸಿದ್ದಲಿಂಗಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಅದರಲ್ಲಿ ಅವಳ ತಪ್ಪೇನೂ ಇಲ್ಲ ಎನ್ನಿ. ಹಿಂದೆ ಸಂತೆಬಾಚಹಳ್ಳಿಯ ಕಡೆ ಶಾಸ್ತ್ರ ಕೇಳಲು ಹೋದಾಗ ಅತ್ತೆ ಹೇಳಿಕೊಟ್ಟದ್ದೇ ಅದು. ಬಂದ ಕಾರಣ ನಾವು ಬಾಯಿಬಿಡಬಾರದು, ಶಾಸ್ತ್ರ ಹೇಳುವವನೇ ಹೇಳಬೇಕು. ಹೇಳದಿದ್ದರೆ ಎದ್ದು ಬರಬೇಕು. ಹಾಗಾಗಿ ಅವಳು ಈ ಮೇಡಂ ಅವರನ್ನೂ ಪರೀಕ್ಷೆ ಮಾಡುತ್ತ ಕೂತಿದ್ದಳು. ಅವರು ಒಂದೆರಡು ಪ್ರಶ್ನೆ ಕೇಳಿದರು, ಉತ್ತರ ಬರಲಿಲ್ಲ. ಅವಸರ ಮಾಡದೆ ಅವರೂ ಸುಮ್ಮನಾದರು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಹೊತ್ತು ಮುಗಿಯುತ್ತ ಬಂದಾಗ ಸಿದ್ದಲಿಂಗಮ್ಮನೇ ಸೋತಳು.

"ನಾನ್ಯಾಕೆ ಬಂದಿವ್ನಿ ಅಂತ ನೀವು ಯೋಳಾಕಿಲ್ವಾ?"

"ನನಗೆ ಗೊತ್ತಿಲ್ಲಮ್ಮ. ನಿಮ್ಮ ಮನಸ್ಸಲ್ಲಿರೋದು ನೀವು ಹೇಳಿದ್ರೇನೇ ನನಗೆ ಗೊತ್ತಾಗೋದು. ಇವತ್ತೇ ಹೇಳಬೇಕು ಅಂತಿಲ್ಲ."

ಗೊತ್ತಿಲ್ಲ ಎಂದು ಒಪ್ಪಿಕೊಂಡವರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಊರಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು: ಗಾಳಿ ಸೋಕಿದೆ, ಗ್ರಹಚಾರ, ಇನ್ನೊಂದು ಹೆತ್ತರೆ ಸರಿಹೋಗುತ್ತಾಳೆ.

"ನನ್ನ ಕೂಸಿನ ಮೊಕ ನಂಗೆ ತೋರಿಸ್ನಿಲ್ಲ ಕಣವ್ವ," ಎಂದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಒಂದೇ ಸಲಕ್ಕೆ ಎಲ್ಲ ಸರಿಹೋಗಲಿಲ್ಲ. ಆಡಿ ಬಂದ ದಿನ ಕೆಲವೊಮ್ಮೆ ಎದೆ ಇನ್ನೂ ಭಾರವಾಗುತ್ತಿತ್ತು. ಹೀಗೂ ಆದೀತು ಎಂದು ಮೇಡಂ ಮುಂಚೆಯೇ ಹೇಳಿದ್ದರು. ಅವರು ಮಾತ್ರೆ ಕೊಡುವವರಲ್ಲ. ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ ಎಂದಿದ್ದರು. ಸಿದ್ದಲಿಂಗಮ್ಮ ವಾರ ವಾರ ಬಸ್ಸು ಹತ್ತಿದಳು. ಆ ಕೋಣೆಯಲ್ಲಿ ಮರೆತುಬಿಡು ಎಂದು ಯಾರೂ ಅನ್ನಲಿಲ್ಲ. ಒಂದು ದಿನ ಮೇಡಂ, ಆ ಮುಖ ನೋಡಿದವರು ಮನೆಯಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದರು. ಇದ್ದಾನೆ, ಗಂಡ, ಎಂದಳು. ಕೇಳುವುದೋ ಬೇಡವೋ ನಿಮಗೆ ಬಿಟ್ಟದ್ದು ಎಂದರು ಅವರು.

ಅವತ್ತು ಸಂಜೆ ಮಾಯಣ್ಣ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವಳು ಹೋಗಿ ಕೇಳಿಯೇಬಿಟ್ಟಳು. ಅವನು ಹೊರೆ ಕೆಳಗಿಟ್ಟ.

"ಅಂಜು ಅಂಗೇ ಇದ್ದ ಕಣೆ. ಗದ್ದದಲ್ಲಿ ಅವಳಂಗೇ ಗುಳಿ. ತಲೆ ತುಂಬ ಕೂದ್ಲು. ನಿಂಗೆ ಯೋಳ್ದೆ ಇದ್ರೆ ನೀನು ನೆಟ್ಗಾಯ್ತೀಯ ಅಂದ್ಕಂಡಿದ್ದೆ. ನಂಗೂ ಯಾರ ತಾವೂ ಆಡ್ಕಳಾಕೆ ಆಗ್ನಿಲ್ಲ." ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. "ಬರೋ ವಾರ ನಾನೂ ಬತ್ತೀನಿ. ಮೇಡಂ ಒಳಕ್ಕೆ ಬುಡ್ತಾರಾ ಕೇಳು."

ಮಾರನೆಯ ಬೆಳಿಗ್ಗೆ ಸಿದ್ದಲಿಂಗಮ್ಮ ಮಗಳನ್ನು ಕರೆದು ಮುಂದೆ ಕೂರಿಸಿಕೊಂಡಳು. ಜಡೆ ಹಾಕುವ ಮೊದಲು ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿ ಕಣ್ತುಂಬ ನೋಡಿದಳು. ಹಂಬಲ ಹೋಗಿರಲಿಲ್ಲ. ಈಗ ಅದಕ್ಕೊಂದು ಮುಖ ಇತ್ತು.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಆಡದ ಮಾತು ಒಂದಿರಬಹುದು. ಮನಶ್ಶಾಸ್ತ್ರಜ್ಞರ ಹತ್ತಿರ ಹೊರಡುವ ಮುಂಚೆ ಅವರು ಏನು ಓದಿದ್ದಾರೆ, ಫೀಸು ಎಷ್ಟು ಎಂದು ವಿಚಾರಿಸಿ, ನಾಚಿಕೆ ಬೇಡ. ಒಬ್ಬರು ಹೊಂದದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದು. ಸಾಯುವ ಯೋಚನೆ ಬಂದರೆ ಮಾತ್ರ ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಹತ್ತಿರದವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಮನಶ್ಶಾಸ್ತ್ರಜ್ಞರ ಕೋಣೆಯಲ್ಲಿ ಯಾರೂ ನಿಮ್ಮ ಮನಸ್ಸು ಓದಿ ಹೇಳುವುದಿಲ್ಲ. ನೀವು ಹೇಳಬೇಕು, ಅವರು ಕೇಳುತ್ತಾರೆ. ಮೊದಲ ದಿನ ಸುಮ್ಮನೆ ಕೂತು ಬಂದರೂ ನಷ್ಟವಿಲ್ಲ. ಸಿದ್ದಲಿಂಗಮ್ಮನೂ ಮೊದಮೊದಲು ಹಾಗೇ ಕೂತಿದ್ದಳು.