ಸಾಲುಗಳಿಲ್ಲದ ಪುಟ

ಮೇಜಿನ ಸುತ್ತ ಕೂತ ತಲೆಗಳನ್ನು ಎಣಿಸುವ ಚಟ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ತಿಂಗಳಲ್ಲೇ ನನಗೆ ಹತ್ತಿತು. ಡಾಕ್ಟರ್ ಪೆನ್‌ಫೋಲ್ಡ್ ಅವರ ಹಳೆಯ ಇಂಗ್ಲಿಷ್ ತರಗತಿಯ ಪದ್ಧತಿ ಎಂದೂ ಬದಲಾಗುವುದಿಲ್ಲ. ಅವರ ಎಡಗಡೆ ಕೂತವರಿಂದ ಶುರುವಾಗಿ ಒಬ್ಬೊಬ್ಬರು ಐದೈದು ಸಾಲು ಗಟ್ಟಿಯಾಗಿ ಓದಬೇಕು, ಓದಿದ್ದನ್ನು ಈಗಿನ ಮಾತಿಗೆ ತಿರುಗಿಸಬೇಕು; ಆಮೇಲೆ ಸರದಿ ಪಕ್ಕದವರದು. ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ನಮಗ್ಯಾರಿಗೂ ಬರುತ್ತಿರಲಿಲ್ಲ. ಇದು ನಿಮ್ಮದೇ ಭಾಷೆ ಎಂದು ಯಾರಾದರೂ ಹೇಳಿದರೆ ನಂಬಬೇಕು, ಅಷ್ಟೆ. ಹಾಗಾಗಿ ನಾನೊಂದು ಉಪಾಯ ಮಾಡಿಕೊಂಡೆ. ಯಾವಾಗಲೂ ಅದೇ ಕುರ್ಚಿ ಹಿಡಿಯುವುದು, ನನ್ನ ಪಾಲಿಗೆ ಯಾವ ಐದು ಸಾಲು ಬೀಳುತ್ತವೆಂದು ಮೊದಲೇ ಎಣಿಸಿಕೊಳ್ಳುವುದು, ಅಷ್ಟನ್ನೇ ಉರು ಹೊಡೆಯುವುದು. ಬೇರೆಯವರು ಓದುವಾಗ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ತುಟಿಯೊಳಗೇ ನನ್ನ ಸಾಲುಗಳ ಜಪ ನಡೆದಿರುತ್ತಿತ್ತು. ಯಾರಾದರೂ ನೆಗಡಿಯೆಂದು ತರಗತಿ ತಪ್ಪಿಸಿದರೆ ಸರದಿ ಕದಲಿ, ನಾನು ಗಡಿಬಿಡಿಯಲ್ಲಿ ಮತ್ತೆ ಎಣಿಸತೊಡಗುತ್ತಿದ್ದೆ.

ಆ ವರ್ಷ ನಾವು ಓದುತ್ತಿದ್ದ ಕಾವ್ಯಕ್ಕೆ ಹೆಸರಿಲ್ಲ, ಬರೆದವರ ಹೆಸರೂ ಗೊತ್ತಿಲ್ಲ. ಕೆಂಡದ ಕಾವ್ಯ ಎಂದು ನಾವು ಕರೆಯುತ್ತಿದ್ದೆವು. ಊರು ಸುಟ್ಟುಹೋದ ಜನ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಆಚೆ ದಡಕ್ಕೆ ಹೊರಟಿದ್ದಾರೆ. ಅವರ ಬಳಿ ಉಳಿದಿರುವುದು ಒಂದು ಮಡಕೆ ಕೆಂಡ. ಅದನ್ನು ಕೈಯಿಂದ ಕೈಗೆ ದಾಟಿಸುತ್ತ ನಡೆಯುತ್ತಾರೆ. ನನಗೆ ತಿಳಿದದ್ದು ಅದರಲ್ಲಿ ಅಲ್ಲೊಂದು ಇಲ್ಲೊಂದು ತುಣುಕು. ಒಂದು ಕಡೆ ಮುದುಕಿಯೊಬ್ಬಳು ಮಡಕೆಯನ್ನು ಎತ್ತಿಕೊಳ್ಳುತ್ತಾಳೆ. ನನ್ನ ಮುಂದಿನ ಐದು ಸಾಲು ಬರುವಷ್ಟರಲ್ಲಿ ಮಡಕೆ ಇನ್ಯಾರದೋ ಕೈಯಲ್ಲಿರುತ್ತದೆ. ಮುದುಕಿ ಎಲ್ಲಿ ಹೋದಳು? ಅದು ಇದ್ರೀಸನ ಪಾಲಿನ ಸಾಲುಗಳಲ್ಲಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಇದ್ರೀಸ್ ನನ್ನ ಪಕ್ಕದ ಕುರ್ಚಿಯವನು, ಬ್ರಾಡ್‌ಫರ್ಡ್ ನಗರದ ಕಡೆಯವನು, ಬಾಯಿಗೆ ಬೀಗವಿಲ್ಲದವನು. ನನ್ನ ಬಾಯಿಗೆ ಬೀಗ ಬಿದ್ದದ್ದು ಅವನಿಂದಲೇ. ಮೊದಲ ದಿನ ನಾನು ಯಾವ ಭಯವೂ ಇಲ್ಲದೆ, ನಮ್ಮ ಗುಡ್ಡದ ಕಡೆಯ ರಾಗದಲ್ಲೇ ಓದಿಬಿಟ್ಟೆ. ಓದಿ ಮುಗಿಸುವಷ್ಟರಲ್ಲಿ ಇವನು, "ಅಯ್ಯಪ್ಪಾ, ಹಸುವೇ ಬಂದು ಕೂತ್ಕೊಂಡು ಓದ್ದಂಗಾಯ್ತು!" ಅಂದ. ಮೇಜಿಗೆ ಮೇಜೇ ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಅಳಬೇಕಾಗುತ್ತಿತ್ತು. ಅವನ ಮಾತಿನಲ್ಲಿ ಕೇಡಿರಲಿಲ್ಲ, ಸಂಜೆಯೇ ಒಂದು ಪೊಟ್ಟಣ ಚಿಪ್ಸ್ ಹಿಡಿದುಕೊಂಡು ಬಂದು, "ಬೇಜಾರಾಯ್ತಾ ವಿನಿ? ನನ್ ಬಾಯಿ ನನ್ ಮಾತೇ ಕೇಳಲ್ಲ ಕಣೇ" ಅಂದಿದ್ದ. ಆದರೆ ಆವತ್ತಿನಿಂದ ನಾನು ಟ್ರೈನಿನಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸಿನ ದನಿಯನ್ನು ಎರವಲು ತಂದು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಓದತೊಡಗಿದೆ.

ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಗೊತ್ತಾಗಿಬಿಟ್ಟಿತು. ಅಪ್ಪ ಇದೇ ದೇಶದ ಉತ್ತರ ಗಡಿಯ ಗುಡ್ಡಗಳಲ್ಲಿ ದನ ಸಾಕುವವನು.

"ಯಾಕವ್ವಾ, ರೇಡಿಯೋದಾಕಿ ಮಾತಾಡಿದ್ಹಂಗ ಮಾತಾಡಾಕತ್ತೀಯಲ್ಲ? ನನ್ನ ಮಗಳಿಗೆ ಕೊಡು ಫೋನು."

"ನಾನೇ ಅಪ್ಪಾ."

"ನೀನ ಆದ್ರ ಜೋರಾಗಿ ಮಾತಾಡು. ಆಕಳಿಗೂ ಕೇಳಿಸಬೇಕು."

ನಾನು ಅವನಿಗೆ ಹೇಳದೆ ಉಳಿಸಿಕೊಂಡಿದ್ದ ವಿಷಯವೊಂದಿತ್ತು. ಇಂಗ್ಲಿಷ್ ಸಾಹಿತ್ಯ ಬಿಟ್ಟು ಭೂಗೋಳ ವಿಭಾಗಕ್ಕೆ ಹೋಗುವುದೆಂದು ನಿರ್ಧರಿಸಿಬಿಟ್ಟಿದ್ದೆ. ಅವರು ಸೇರಿಸಿಕೊಳ್ಳಲು ಒಪ್ಪಿದ್ದರು. ನಕ್ಷೆಗಳನ್ನು ಯಾರೂ ಗಟ್ಟಿಯಾಗಿ ಓದು ಅನ್ನುವುದಿಲ್ಲ. ಬಿಡುವುದಕ್ಕೆ ಡಾಕ್ಟರ್ ಪೆನ್‌ಫೋಲ್ಡ್ ಅವರ ಒಪ್ಪಿಗೆಯೊಂದು ಬೇಕಾಗಿತ್ತು. ಅವರ ಕೋಣೆಗೆ ಹೋದಾಗ ಅವರು ಪುಸ್ತಕದ ರಾಶಿಯ ಹಿಂದೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕೂತಿದ್ದರು. ತಮ್ಮನ್ನು ಹಿಲರಿ ಎಂದೇ ಕರೆಯಬೇಕೆಂದು ಎಲ್ಲರಿಗೂ ಹೇಳುತ್ತಿದ್ದರು. ಗುರುಗಳನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳುತ್ತಿರಲಿಲ್ಲ.

"ಕೆಂಡದ ಕಾವ್ಯ ಇಷ್ಟ ಆಗ್ಲಿಲ್ವಾ?" ಅಂದರು.

"ಇಷ್ಟಾನೇ. ನನಗೆ ಓದೋಕೆ ಬರಲ್ಲ."

"ಓದೋಕೋ, ಗಟ್ಟಿಯಾಗಿ ಓದೋಕೋ?"

ನಾನು ಅವರ ಬಿಸ್ಕತ್ತನ್ನೇ ನೋಡುತ್ತಿದ್ದೆ. ಅದು ಮುರಿದು ಚಹಾದೊಳಗೆ ಬಿತ್ತು.

"ಛೆ!" ಚಮಚದಿಂದ ಅದನ್ನು ಹುಡುಕುತ್ತ ಹೇಳಿದರು, "ನೋಡು ವಿನಿ, ಗುರುವಾರ ಕ್ಯಾಥೆಡ್ರಲ್ ಚರ್ಚಿನ ಗ್ರಂಥಾಲಯಕ್ಕೆ ಹೋಗ್ತಿದೀವಿ. ಮೂಲ ಹಸ್ತಪ್ರತಿ ಅಲ್ಲಿದೆ. ಪ್ರಪಂಚದಲ್ಲಿ ಇರೋದು ಅದೊಂದೇ. ಮೊದಲನೇ ವರ್ಷದೋರೆಲ್ಲ ಅದರ ಮುಂದೆ ನಿಂತು ಓದ್ಲೇಬೇಕು, ಇಲ್ಲಿನ ಕಟ್ಟಳೆ ಅದು. ಬಂದು ಓದು. ಆಮೇಲೂ ಹೋಗ್ತೀನಿ ಅಂದ್ರೆ ನಾನೇ ನಿನ್ನ ಭೂಗೋಳದೋರ ಬಾಗಿಲ ತನಕ ಬಿಟ್ಟು ಬರ್ತೀನಿ. ಓದ್ದೇ ಹೋದ್ರೆ ಮಾತ್ರ ನನಗೆ ಬೇಜಾರಾಗತ್ತೆ."

ಐದು ಸಾಲು, ಆಮೇಲೆ ಬಿಡುಗಡೆ. ಯಾರ್ಯಾರು ಬರುತ್ತಾರೆ, ಯಾವ ಕ್ರಮದಲ್ಲಿ ನಿಲ್ಲುತ್ತಾರೆಂದು ವಿಚಾರಿಸಿ, ಅಚ್ಚಿನ ಪುಸ್ತಕದಲ್ಲಿ ನನ್ನ ಪಾಲಿನ ಸಾಲುಗಳನ್ನು ಗುರುತು ಮಾಡಿಕೊಂಡೆ. ಆ ವಾರ ಬೀದಿಯಲ್ಲಿ, ಸ್ನಾನದಲ್ಲಿ, ರೊಟ್ಟಿಗೆ ಬೆಣ್ಣೆ ಸವರುವಾಗ ನನ್ನ ಬಾಯಲ್ಲಿ ಅವೇ.

ಗುರುವಾರ ಗ್ರಂಥಾಲಯದ ಬಾಗಿಲಲ್ಲಿ ಹಸ್ತಪ್ರತಿ ನೋಡಿಕೊಳ್ಳುವ ಮಿಸೆಸ್ ಓರ್ಡ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈ ತೊಳೆಸಿದರು. ಇದ್ರೀಸ್ ಮಾತ್ರ ಜೇಬಿನಿಂದ ಬಿಳಿ ಗ್ಲೋವ್ಸ್ ತೆಗೆದು, ಮದುಮಗನ ಹಾಗೆ ಗತ್ತಿನಿಂದ ಹಾಕಿಕೊಂಡ.

"ಅದನ್ನ ಬಿಚ್ಚಿ ಜೇಬಲ್ಲಿಟ್ಕೋಪ್ಪ," ಅಂದರು ಮಿಸೆಸ್ ಓರ್ಡ್.

"ಸಿನಿಮಾದಲ್ಲಿ ಹಾಕ್ಕೋತಾರಲ್ಲ?"

"ಸಿನಿಮಾದೋರು ಪುಟ ಹರ್ಕೊಂಡ್ರೆ ಇನ್ನೊಂದು ಮಾಡಿಸ್ಕೋತಾರೆ. ಬಟ್ಟೆ ಸುತ್ತಿದ ಬೆರಳಿಗೆ ಏನೂ ತಿಳಿಯಲ್ಲ. ಸೋಪು ಹಾಕಿ ತೊಳಿ, ಚೆನ್ನಾಗಿ ಒರೆಸ್ಕೋ."

ಒಳಗೆ ತಂಪು. ಪುಸ್ತಕ ದಿಂಬಿನ ಮೇಲೆ ತೆರೆದು ಮಲಗಿತ್ತು. ನಾನು ಊಹಿಸಿಕೊಂಡದ್ದಕ್ಕಿಂತ ಚಿಕ್ಕದು. ಅಪ್ಪನ ಎರಡು ಅಂಗೈ ಜೋಡಿಸಿದರೆ ಅಷ್ಟೇ ಅಗಲ. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಬಗ್ಗಿ ನೋಡಿದೆ. ಇನ್ನೂ ಬಗ್ಗಿ ನೋಡಿದೆ.

ಸಾಲುಗಳೇ ಇರಲಿಲ್ಲ.

ಅಚ್ಚಿನ ಪುಸ್ತಕದಲ್ಲಿ ಒಂದರ ಕೆಳಗೊಂದು ಅಚ್ಚುಕಟ್ಟಾಗಿ ನಿಂತಿರುತ್ತಿದ್ದ ಪದ್ಯದ ಸಾಲುಗಳು, ಐದೈದಕ್ಕೊಂದು ಅಂಕಿ ಹಾಕಿಸಿಕೊಂಡ ಸಾಲುಗಳು, ಅಲ್ಲಿ ಎಲ್ಲೂ ಇಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಅಕ್ಷರಗಳು ಒತ್ತೊತ್ತಾಗಿ ತುಂಬಿಕೊಂಡಿದ್ದವು, ನೆರೆ ಬಂದ ನೀರಿನ ಹಾಗೆ. ಅಂಕಿಯಿಲ್ಲ, ಬಿಡುವಿಲ್ಲ, ನಿಲ್ಲು ಎಂದು ಹೇಳುವ ಗುರುತಿಲ್ಲ.

"ಸಾಲುಗಳೆಲ್ಲಿ?" ಯಾರೋ ಕೇಳಿದರು. ದನಿ ನನ್ನದಲ್ಲ, ಇದ್ರೀಸನದು.

ಡಾಕ್ಟರ್ ಪೆನ್‌ಫೋಲ್ಡ್ ಈ ಪ್ರಶ್ನೆಗಾಗಿಯೇ ವರ್ಷವೆಲ್ಲ ಕಾದವರ ಹಾಗೆ ಅರಳಿದರು. "ಸಾಲು ಮುರಿದು ಜೋಡಿಸಿದ್ದು ನಾವು, ಅಚ್ಚು ಹಾಕಿದವರು. ಇದನ್ನ ಬರೆದೋರಿಗೆ ಅದು ಬೇಕಿರಲಿಲ್ಲ. ಆಗ ಬರೀತಿದ್ದದ್ದು ಚರ್ಮದ ಹಾಳೆ ಮೇಲೆ, ಅದು ದುಬಾರಿ, ಜಾಗ ಬಿಡೋ ಹಾಗಿರಲಿಲ್ಲ. ಪದ್ಯ ಎಲ್ಲಿ ನಿಲ್ಲತ್ತೆ ಅನ್ನೋದು ಓದೋರ ಕಿವಿಗೆ ಗೊತ್ತಿರ್ತಿತ್ತು. ಇವತ್ತು ನೀವೂ ಹಾಗೇ ಓದಿ. ಉಸಿರು ಇರೋ ತನಕ ಓದಿ, ಮಾತು ನಿಂತಲ್ಲಿ ನಿಲ್ಸಿ, ಪಕ್ಕದೋರನ್ನ ನೋಡಿ."

ಸುತ್ತ ನಿಂತವರೆಲ್ಲರ ಮುಖದ ಬಣ್ಣ ಒಟ್ಟಿಗೇ ಇಳಿಯಿತು. ಇದ್ರೀಸ್ ನನ್ನ ಕಿವಿಯ ಹತ್ತಿರ ಬಗ್ಗಿದ.

"ನೀನೂ ಎಣಿಸ್ತಿದ್ಯಾ?"

"ಹ್ಞೂಂ."

"ನಾನೂ ಕಣೇ. ಸತ್ತೆವು ನಾವು."

ಮೊದಲನೆಯವಳು ಶುರು ಮಾಡಿದಳು. ಐದು ಸಾಲು ಎಲ್ಲಿ ಮುಗಿಯುತ್ತವೆಂದು ಅವಳಿಗೂ ತಿಳಿಯಲಿಲ್ಲ, ಓದುತ್ತಲೇ ಹೋದಳು. ನನ್ನ ಎಣಿಕೆಯೆಲ್ಲ ಅಲ್ಲಿಗೆ ಮುಗಿಯಿತು. ಯಾವುದು ನನ್ನ ಪಾಲಿಗೆ ಬರುತ್ತದೋ ಹೇಳುವಂತಿಲ್ಲ. ಉರು ಹೊಡೆದದ್ದು ದಂಡ. ಬೇರೆ ದಾರಿಯಿಲ್ಲದೆ ನಾನು ಇನ್ನೊಬ್ಬರು ಓದುವುದನ್ನು ಮೊದಲ ಸಲ ಕೇಳಿಸಿಕೊಂಡೆ.

ಕೇಳಿಸಿಕೊಂಡರೆ, ಅದು ನಡೆಯುತ್ತಿತ್ತು! ಪದಗಳ ಮೊದಲ ಅಕ್ಷರಗಳು ಒಂದಕ್ಕೊಂದು ತಾಗಿ, ಎರಡು ಹೆಜ್ಜೆ ಇಟ್ಟು ಒಂದು ಗಳಿಗೆ ತಡೆದು, ಮತ್ತೆ ಎರಡು ಹೆಜ್ಜೆ. ಹಿಮಗಡ್ಡೆಯ ಮೇಲೆ ನಡೆಯುವವರು ಹಾಗೆಯೇ ನಡೆಯುವುದು. ಒಂದು ಕಾಲೂರಿ, ಗಡ್ಡೆ ತಡೆಯುತ್ತದೆಯೇ ಎಂದು ಕೇಳಿ, ಆಮೇಲೆ ಇನ್ನೊಂದು. ಇದ್ರೀಸ್ ಓದಿದ. ತಡವರಿಸುತ್ತ ಓದಿದ. ಅವನ ಬಾಯಲ್ಲಿ ಮುದುಕಿ ಮಡಕೆಯನ್ನು ಮುಂದಿನವರ ಕೈಗಿತ್ತು, ನದಿಯ ನಡುವೆ ಕೂತುಬಿಟ್ಟಳು. ನನ್ನ ಕೈ ಇನ್ನೂ ಬೆಚ್ಚಗಿದೆ, ನೀವು ನಡೆಯಿರಿ, ಅಂದಳು. ಇಷ್ಟು ತಿಂಗಳು ಅವಳು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಳು.

ಇದ್ರೀಸ್ ನಿಂತ. ನನ್ನನ್ನು ನೋಡಿದ.

ಮಿಸೆಸ್ ಓರ್ಡ್ ಹಾಳೆ ತಿರುವಿದರು. ಆ ಪುಟದ ನಡುವೆ ಬೆರಳ ಉಗುರಿನಷ್ಟು ತೂತಿತ್ತು. ಹರಿದದ್ದಲ್ಲ, ಹುಳು ತಿಂದದ್ದಲ್ಲ, ಅಂಚು ನುಣುಪಾಗಿತ್ತು. ಬರೆದವನು ಒಂದು ಪದವನ್ನು ತೂತಿನ ಈಚೆ ಅರ್ಧ, ಆಚೆ ಅರ್ಧ ಬರೆದು ಸುಮ್ಮನೆ ಮುಂದೆ ಹೋಗಿದ್ದ. ಆ ತೂತು ನನಗೆ ಗೊತ್ತು. ಬೇಸಿಗೆಯಲ್ಲಿ ದನದ ಬೆನ್ನಿಗೆ ನೊಣ ಕೂತು ಮಾಡುವ ಗಾಯ ಅದು. ಚರ್ಮ ಎಳೆದು ಒಣಗಿಸಿದಾಗ ದುಂಡಗೆ ತೆರೆದುಕೊಳ್ಳುತ್ತದೆ. ಹಾಳೆಯ ಮೇಲೆಲ್ಲ ಕೂದಲು ಬೇರೂರಿದ್ದ ಸಣ್ಣ ಚುಕ್ಕೆಗಳು ಕಂಡವು. ಇದು ಕರು. ಸಾವಿರ ಬೇಸಿಗೆಗಳ ಹಿಂದೆ ಇದೇ ಕಡೆಯ ಯಾವುದೋ ಗುಡ್ಡದಲ್ಲಿ ಬಾಲ ಬೀಸಿ ನೊಣ ಓಡಿಸಿಕೊಂಡು ನಿಂತಿದ್ದ ಕರು. ಓದುವ ಮುಂಚೆ ನಾನು ಮಾಡಿಕೊಳ್ಳಬೇಕಾಗಿದ್ದ ತಯಾರಿಯೆಲ್ಲ, ಎರವಲು ದನಿಯೂ ಸೇರಿ, ಆ ತೂತನ್ನು ನೋಡುತ್ತಿದ್ದಂತೆ ಮರೆತುಹೋಯಿತು.

ಓದಿದೆ. ಎಲ್ಲಿ ನಿಲ್ಲಬೇಕೆಂದು ಹುಡುಕುತ್ತ, ಹೆಜ್ಜೆಯನ್ನು ಹಿಡಿಯುತ್ತ ಓದುವುದರಲ್ಲೇ ಗಮನವೆಲ್ಲ ಹೋಗಿ, ನನ್ನ ದನಿ ಯಾವುದೆಂದು ನೋಡಿಕೊಳ್ಳುವಷ್ಟು ವ್ಯವಧಾನವಿರಲಿಲ್ಲ. ನಾಲ್ಕು ಪದ ಮುಗಿದ ಮೇಲೆ ಗೊತ್ತಾಯಿತು: ಅಪ್ಪ ದನ ಹೊಡೆಯುವಾಗಿನ ದನಿ ಅದು. ನಗರದವರು ಬಾಯಿ ಅಗಲಿಸಿ 'ಕೌ' ಅನ್ನುವುದಕ್ಕೆ ನಾವು ತುಟಿ ಕೂಡಿಸಿ 'ಕೂ' ಅನ್ನುತ್ತೇವೆ, 'ಡೌನ್' ಅನ್ನುವಲ್ಲಿ 'ಡೂನ್'. ಈ ಪುಟಕ್ಕೂ ಹಾಗೇ ಬೇಕಾಗಿತ್ತು. ತುಟಿ ಕೂಡಿಸಿದಲ್ಲೆಲ್ಲ ಪದ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ತಡೆದು ಓದಿದ ಕಡೆ ಅರ್ಥ ತಾನಾಗಿ ಬಂದಿತು. ಎಲ್ಲ ಅಲ್ಲ, ಮಂಜಿನಲ್ಲಿ ಮನೆ ಕಂಡಷ್ಟು. ಈ ಮಾತುಗಳನ್ನು ಆಡಿದವರು ಒಬ್ಬರೂ ಉಳಿದಿಲ್ಲ. ಅವರ ಉಸಿರು ಎಷ್ಟು ಉದ್ದವಿತ್ತು ಎಂಬುದು ಮಾತ್ರ ಉಳಿದು, ಈಗ ನನ್ನ ಎದೆಯೊಳಗೆ ಬಂದು ಅಳತೆ ಮಾಡಿಕೊಳ್ಳುತ್ತಿದೆ ಅನ್ನಿಸಿತು. ಹೆದರಿಕೆಯಾಯಿತು. ಓದುವ ಹೆದರಿಕೆಯಲ್ಲ, ದೊಡ್ಡ ನೀರಿನ ಮುಂದೆ ನಿಂತಾಗ ಆಗುತ್ತದಲ್ಲ, ಅದು.

ಉಸಿರು ಮುಗಿದಲ್ಲಿ ನಿಲ್ಲಬಹುದಾಗಿತ್ತು. ನಾನು ಮತ್ತೊಂದು ಉಸಿರು ತೆಗೆದುಕೊಂಡೆ. ಜನ ನಡೆಯುತ್ತಿದ್ದಾರೆ, ಗಡ್ಡೆ ಬಿರುಕು ಬಿಡುವ ಸದ್ದು ಹಿಂದಿನಿಂದ ಬರುತ್ತಿದೆ, ಮಡಕೆಯೊಳಗೆ ಬೂದಿ ಹೆಚ್ಚಾಗಿದೆ. ಎಲ್ಲರಿಗಿಂತ ಮುಂದೆ ನಡೆದವಳು ತಲೆಯೆತ್ತಿದಳು. ಆಗ ಅವಳು ಕಂಡದ್ದು—

ಪುಟ ಮುಗಿಯಿತು. ನಾನು ಮಿಸೆಸ್ ಓರ್ಡ್ ಅವರ ಕೈಯನ್ನು ನೋಡಿದೆ. ಅವರು ಹಾಳೆ ತಿರುವಲಿಲ್ಲ.

"ತಿರುವಿ," ಅಂದೆ. ನಾನೇ ಅಂದದ್ದು, ಗಟ್ಟಿಯಾಗಿ.

"ಅಷ್ಟೇ ಮಗಳೇ," ಅಂದರು ಅವರು. "ಮುಂದಿನ ಹಾಳೆ ಇಲ್ಲ. ನಾನು ಹುಟ್ಟೋ ಮುಂಚೆಯೇ ಇರಲಿಲ್ಲ, ನಮ್ಮಜ್ಜನ ಅಜ್ಜ ಹುಟ್ಟೋ ಮುಂಚೆಯೂ ಇರಲಿಲ್ಲ."

ಅಚ್ಚಿನ ಪುಸ್ತಕದ ಕೊನೆಯ ಪುಟವನ್ನು ನಾನು ನೋಡಿಯೇ ಇರಲಿಲ್ಲ. ಅದು ಎಂದೂ ನನ್ನ ಪಾಲಿಗೆ ಬಿದ್ದಿರಲಿಲ್ಲ. ಇದ್ರೀಸ್ ಕೈಯಲ್ಲಿ ಮುದುಡಿದ ಗ್ಲೋವ್ಸ್ ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದ. ಆಮೇಲೆ ಹೊರಗೆ ಬರುವಾಗ ಬಾಗಿಲ ಹತ್ತಿರ ಅವನು, ತಮಾಷೆಯ ಲವಲೇಶವೂ ಇಲ್ಲದೆ, "ನೀನು ಓದುವಾಗ ನಂಗೆ ಚಳಿಯಾಯ್ತು ಕಣೇ. ನಿಜವಾಗ್ಲೂ ಚಳಿ" ಅಂದ. ನಾನು ತಲೆಯಾಡಿಸಿದೆ.

ಮೆಟ್ಟಿಲ ಮೇಲೆ ಡಾಕ್ಟರ್ ಪೆನ್‌ಫೋಲ್ಡ್ ನನ್ನ ಜೊತೆ ಹೆಜ್ಜೆ ಹಾಕಿದರು. ಎರಡು ತಿರುವು ಇಳಿದ ಮೇಲೆ ಕೇಳಿದರು:

"ಹಾಂ, ಓದಿದ್ದಾಯ್ತಲ್ಲ. ಭೂಗೋಳದೋರಿಗೆ ಏನು ಹೇಳೋಣ?"

"ಅವರು ದಡ ಸೇರಿದ್ರಾ?" ಅಂದೆ.

"ಯಾರು?"

"ಆ ಜನ."

ಅವರು ನಿಂತರು. "ಗೊತ್ತಿಲ್ಲ ವಿನಿ. ಯಾರಿಗೂ ಗೊತ್ತಿಲ್ಲ. ಅದನ್ನೇ ಹುಡುಕ್ತಾ ನನ್ನ ಮೂವತ್ತು ವರ್ಷ ಕಳೀತು. ಬೇರೆ ಪುಸ್ತಕಗಳ ರಟ್ಟಿನೊಳಗೆ ಹಳೇ ಹಾಳೆ ತುಣುಕು ಅಂಟಿಸಿರ್ತಾರೆ, ಅಂಥದ್ರಲ್ಲಿ ಎಲ್ಲಾದ್ರೂ ಸಿಗಬಹುದು. ಸಿಗದೇನೂ ಇರಬಹುದು."

"ಅದನ್ನ ಹುಡುಕೋದು ಕಲೀಬೇಕು ಅಂದ್ರೆ?"

"ಮೊದ್ಲು ಎಲ್ಲರ ಸಾಲುಗಳನ್ನೂ ಓದ್ಕೊಂಡು ಬರ್ಬೇಕು. ನಿನ್ನ ಐದು ಮಾತ್ರ ಅಲ್ಲ."

ನನ್ನ ಮುಖ ಕೆಂಪಾಯಿತು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

"ಸರಿ, ಹಿಲರಿ," ಅಂದೆ.

ಹೊರಗೆ ಮಂಜು ಇಳಿದಿತ್ತು. ಕೆಳಗೆ ನದಿ ಕಾಣಿಸುತ್ತಿರಲಿಲ್ಲ, ಹರಿಯುವುದು ಮಾತ್ರ ಕೇಳುತ್ತಿತ್ತು. ನಾನು ಸೇತುವೆಯ ಮೇಲೆ ಬಹಳ ಹೊತ್ತು ನಿಂತು ಕೇಳಿಸಿಕೊಂಡೆ.